ಸೋದರಮಾವನ ಪಂಚೆ

ಕೆಂಟ್, ಅಮೆರಿಕ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನಗೊಂದು ಸಂಗತಿ ಹೇಳಬೇಕು. ನಮಗೆ ಅದನ್ನು ಹೇಳಿದವಳು ಇಲ್ಲೇ ಪಕ್ಕದೂರು ನ್ಯೂಕ್ಯಾಸಲ್‌ನ ವೇದಾ, ಕಳೆದ ಭಾನುವಾರ, ತನ್ನ ಮಗನ ಹುಟ್ಟುಹಬ್ಬದ ಊಟದಲ್ಲಿ. ನಮ್ಮ ಹಾಗೆಯೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿ ಕಾಯುತ್ತಿದ್ದ ಅವಳ ಗಂಡ, ಪ್ರಯಾಣದ ಅನುಮತಿ ಪತ್ರ ಬರುವ ಮುಂಚೆಯೇ ತಮ್ಮನ ಮದುವೆಗೆಂದು ಮೈಸೂರಿಗೆ ಹೋದನಂತೆ. ದೇಶ ಬಿಟ್ಟವನು ಅರ್ಜಿಯನ್ನೂ ಬಿಟ್ಟಂತೆ ಎಂದು ಇಲ್ಲಿನ ವಲಸೆ ಇಲಾಖೆಯವರು ಅದನ್ನು ಮುಚ್ಚಿಬಿಟ್ಟರಂತೆ; ಈಗ ಅವನು ವಾಪಸ್ ಬರುವ ಹಾಗಿಲ್ಲ.

"ಅವರು ಅಲ್ಲಿ ದಿನಾ ಅಮ್ಮನ ಕೈ ದೋಸೆ ತಿಂತಿದಾರೆ, ನಾನಿಲ್ಲಿ ಒಬ್ಳೇ ಕಾರಿನ ಗಾಜಿನ ಹಿಮ ಕೆರೀತಿದೀನಿ" ಎಂದು ಎಲ್ಲರನ್ನೂ ನಗಿಸಿದಳು. ಆಮೇಲೆ ನನಗೆ ಅನ್ನ ಬಡಿಸುತ್ತಾ, "ನೀವೂ ಟಿಕೆಟ್ ಮಾಡ್ಸಿದೀರಂತಲ್ಲ ಅಣ್ಣಾ, ಲೆಟರ್ ಬಂತಾ?" ಎಂದಳು.

ಬಂದಿಲ್ಲ, ಅಕ್ಕ. ಇಲ್ಲಿ ಕೆಲಸ ಮಾಡಲು ಕೊಟ್ಟ ಕಾರ್ಡ್ ಇದ್ದರೆ ಪ್ರಯಾಣಕ್ಕೂ ಸಾಕು ಎಂದುಕೊಂಡಿದ್ದೆ. ನಮ್ಮ ಪೂಜಿತಾಳ ಮದುವೆಯೊಳಗೆ ಆ ಪತ್ರ ಬರುವ ಹಾಗೂ ಕಾಣುತ್ತಿಲ್ಲ.

ಸೋದರಮಾವನಾಗಿ ಅವಳನ್ನು ಮಂಟಪಕ್ಕೆ ಕರೆತರಬೇಕಾದವನು ನಾನು. ಚಿಕ್ಕಪ್ಪನ ಮಗ ಶ್ರೀನಿವಾಸನಿಗೆ ಆ ಕೆಲಸ ಒಪ್ಪಿಸು. ಅವನ ನಡಿಗೆ ಬಿರುಸು. ಹುಡುಗಿ ಸೀರೆ ತೊಡರಿ ಎಡವುತ್ತಾಳೆ, ಮೆಲ್ಲಗೆ ನಡೆ ಎಂದು ಹೇಳು. ನನಗೆಂದು ತೆಗೆದಿಟ್ಟ ಪಂಚೆಯನ್ನೂ ಅವನಿಗೇ ಉಡಿಸು, ನಾನು ಬಂದಾಗ ಕೊಡೋಣ ಎಂದು ಎತ್ತಿಡಬೇಡ.

ಊಟದ ಮರುದಿನ ಬೆಳಿಗ್ಗೆ ನಾನು ಟಿಕೆಟ್ ರದ್ದು ಮಾಡಿದೆ. ಪ್ರತಿಭಾ ನಮ್ಮಿಬ್ಬರ ಸೂಟ್‌ಕೇಸ್ ಬಿಚ್ಚಿ, ಪೂಜಿತಾಳಿಗೆಂದು ಕೊಂಡ ಚಾಕೊಲೇಟ್ ಡಬ್ಬಿಯನ್ನು ಒಡೆದು ಕಾಫಿಯ ಪಕ್ಕದಲ್ಲಿಟ್ಟಳು. ಇಬ್ಬರೂ ಒಂದೊಂದು ತಿಂದು ಕೆಲಸಕ್ಕೆ ಹೊರಟೆವು.

ನಿನ್ನ ತಮ್ಮ,
ತ್ರಿವಿಕ್ರಮ