ಉಸಿರಿನ ಭಾಗಾಕಾರ

ಕುಷ್ಟಗಿ, ಸೋಮವಾರ, ೧೪ ಜುಲೈ ೧೯೪೧

ಆ ಲೆಕ್ಕ ಹಾಕಬಾರದಿತ್ತು. ನಾಳೆ ಹುಡುಗರಿಗೆ ಘಾತಗಳ ಭಾಗಾಕಾರ ಕಲಿಸಲೆಂದು ನಾನೇ ಹೊಸೆದದ್ದು. ಒಬ್ಬನ ಆಯುಷ್ಯಕ್ಕೆ ನಾಲ್ಕು ಗುಣಿಲೆ ಹತ್ತರ ಎಂಟನೇ ಘಾತದಷ್ಟು ಉಸಿರು. ದಿನಕ್ಕೆ ಖರ್ಚು ಎರಡು ಗುಣಿಲೆ ಹತ್ತರ ನಾಲ್ಕನೇ ಘಾತ. ನಾಲ್ಕನ್ನು ಎರಡರಿಂದ ಭಾಗಿಸಿ, ಎಂಟರಲ್ಲಿ ನಾಲ್ಕು ಕಳೆದರೆ ಇಪ್ಪತ್ತು ಸಾವಿರ ದಿನ. ಐವತ್ತೈದು ವರ್ಷಕ್ಕೆ ಮೂರು ತಿಂಗಳು ಕಡಿಮೆ ಎಂದು ಬಾಯಿಬಿಟ್ಟು ಓದಿದೆ.

ಜೋಳ ಅಳೆಯುವಾಗಲೂ ಮೊದಲ ಸೇರಿಗೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ಅವ್ವ ಬೆಚ್ಚಿದಳು. “ಉಸಿರು ಎಣಿಸಬಾರದೋ ಯಪ್ಪಾ. ಮೊದಲ ಅದನ್ನ ಅಳಿಸು.”

ಲೆಕ್ಕ ಬರೆದಿದ್ದ ಕಲ್ಲಿನ ಪಾಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಒಣಗುತ್ತಾ ಬಂದಂತೆ ಉತ್ತರ ಮತ್ತೆ ಬೆಳ್ಳಗೆ ಮೂಡಿತು. ಇನ್ನೊಮ್ಮೆ ಒರೆಸಿದರೂ ಹಾಗೇ.

ನನಗೆ ಐವತ್ತೈದು ತುಂಬುವುದು ದೀಪಾವಳಿಗೆ. ಇನ್ನು ಮೂರು ತಿಂಗಳಿದೆ.

“ಅಳಿಸಿದೇನೋ?” ಎಂದು ಅವ್ವ ಒಳಗಿನಿಂದ ಈಗಷ್ಟೇ ಕೇಳಿದಳು.

“ಹೂಂ ಬೇ,” ಎಂದೆ.

ಇನ್ನು ಚಿಮಣಿ ಊದಿ ಮಲಗಬೇಕು. ಅದಕ್ಕೂ ಒಂದು ಉಸಿರು ಬೇಕು.