ವಿಂಧ್ಯಾ ಮ್ಯಾಮ್ ಅವರ ದುಪಟ್ಟಾ

ಏಳನೇ ಬಿ, ವಡೋದರಾ

ವಿಂಧ್ಯಾ ಮ್ಯಾಮ್ ಅವರಿಗೆ,

ಮನಸ್ಸಿನಲ್ಲಿರುವುದನ್ನು ಹೆಸರು ಹಾಕದೆ ಬರೆದು ಕ್ಲಾಸಿನ ಡಬ್ಬಿಗೆ ಹಾಕಿ ಅಂತ ನೀವೇ ಹೇಳಿದ್ದೀರಿ. ಬೇರೆ ಯಾರೂ ಓದದಿರಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಪ್ಪಿದ್ದರೆ ಕೆಂಪು ಪೆನ್ನು ಹಿಡಿಯಬೇಡಿ.

ನಿಮ್ಮ ಕ್ಲಾಸು ಎಲ್ಲರಿಗೂ ಇಷ್ಟ. ಪಾಠ ಓದುವಾಗ ಧ್ರುವಿಲ್‌ನ ದನಿ ಒಡೆದರೆ ಯಾರೂ ನಗುವಂತಿಲ್ಲ. ಲೆಕ್ಕ ತಪ್ಪಿದವರಿಗೆ "ಪರವಾಗಿಲ್ಲ, ನಿಧಾನವಾಗಿ ಯೋಚನೆ ಮಾಡು" ಅನ್ನುತ್ತೀರಿ. ಅದೇ ಲೆಕ್ಕ ಮನೆಯಲ್ಲಿ ನನಗೆ ತಪ್ಪಿದರೆ, "ಟೀಚರ್ ಮಗಳಾಗಿ ಇಷ್ಟೂ ಬರಲ್ವಾ?"

ನಿನ್ನೆ ಹೆತ್ವಿಯ ಸ್ಕರ್ಟಿಗೆ ಕಲೆಯಾದಾಗ, ಹುಡುಗರಿಗೆ ಗೊತ್ತಾಗದ ಹಾಗೆ ನಿಮ್ಮ ಬಾಂಧನಿ ದುಪಟ್ಟಾವನ್ನು ಅವಳ ಸೊಂಟಕ್ಕೆ ಸುತ್ತಿ, ಕೈ ಹಿಡಿದು ಕರೆದುಕೊಂಡು ಹೋದಿರಿ. ನಾನು ಮುಟ್ಟಿದರೆ ಬೈಯುವ ದುಪಟ್ಟಾ ಅದು. ನನಗೆ ಮೊದಲ ಸಲ ಆದ ದಿನ ನೀವು ಪೇಪರ್ ತಿದ್ದುತ್ತಾ, "ಪ್ಯಾಡು ಬೀರುವಿನ ಮೇಲಿನ ಖಾನೆಯಲ್ಲಿದೆ, ತಗೋ" ಅಂದಿರಿ. ತಲೆ ಎತ್ತಲಿಲ್ಲ. ಆ ಖಾನೆ ನನ್ನ ಕೈಗೆ ಎಟುಕಲಿಲ್ಲ. ಸ್ಟೂಲು ಹಾಕಿಕೊಂಡೆ.

ಹೆತ್ವಿ ಒಳ್ಳೆಯವಳೇ. ಆದರೆ ಇವತ್ತು, "ನೀನೆಷ್ಟು ಲಕ್ಕಿ, ಮನೆಯಲ್ಲೂ ನಿನಗೆ ಮ್ಯಾಮ್ ಇರ್ತಾರೆ" ಅಂದಳು. ನಾನು ಎದ್ದು ಬೇರೆ ಬೆಂಚಿಗೆ ಹೋಗಿ ಕೂತೆ. ಯಾಕೆ ಅಂತ ಕ್ಲಾಸಿನಲ್ಲಿ ಕೇಳಬೇಡಿ.

ಒಂದೇ ಒಂದು ಕೇಳಿಕೆ. ಅವಳು ದುಪಟ್ಟಾ ಒಗೆದು ತಂದುಕೊಟ್ಟ ಮೇಲೆ ಅದನ್ನು ಮಡಿಸಿ ಬೀರುವಿಗೆ ಇಟ್ಟುಬಿಡಬೇಡಮ್ಮ. ಒಂದು ಸಲ ನನಗೂ ಸುತ್ತು. ಕಲೆ ಆಗಿರದಿದ್ದರೂ.

ಇಂತಿ,
ನಿಮ್ಮ ಕ್ಲಾಸಿನ ಒಬ್ಬ ಹುಡುಗಿ