ಮಾಳಸಾಗ ಒಪ್ಪೂ ಹೆಸರು

ಮಂಗಸೂಳಿ
೧೪ ಜುಲೈ ೨೦೨೪, ರವಿವಾರ

ಪ್ರೀತಿಯ ಅವ್ವಾ,

ನಿಮ್ಮ ಪಾದಕ್ಕ ಕೋಮಲನ ನಮಸ್ಕಾರ. ಮೊಳಕಾಲ ಬ್ಯಾನಿ ಹ್ಯಾಂಗೈತ್ರಿ? ಮಳಿ ಹಿಡದ್ರ ನಿಮಗ ಏಳಾಕ ಕುಂದ್ರಾಕ ತ್ರಾಸ ಆಗೂದು ಗೊತ್ತೈತಿ. ಎಕ್ಕಿ ಎಲಿ ಕಾಸಿ ಶಾಖಾ ಕೊಟ್ಕೊಳ್ರಿ, ಬೀಪಿ ಗುಳಿಗಿ ಬಿಡಬ್ಯಾಡ್ರಿ. ಕುಡಚಿ ಹಂತ್ಯಾಕ ಹೊಳಿ ಏರಾಕತ್ತೈತಂತ ಮಂದಿ ಹೇಳಿದ್ರು. ನಿಮ್ಮ ಮನಿ ದಿಬ್ಬದ ಮ್ಯಾಗ ಐತಿ ಖರೆ, ಆದ್ರೂ ನೀವೊಬ್ಬರ ಹಿತ್ತಲದಾಗ ನೀರಿಗೆ ಹೋಗಾಗ ಜಾರೀರಿ ಅಂತ ಚಿಂತಿ ಹತ್ತೈತಿ. ಫೋನ್ ಹಚ್ಚಿ ಕೇಳೂಣಂದ್ರ ನೀವು ಎತ್ತವಲ್ರಿ. ಎತ್ತಬೇಕು ಅನ್ನೂ ಹಕ್ಕೂ ನನಗಿಲ್ಲ ಬಿಡ್ರಿ. ದಿನಾ ಮುಂಜಾನೆ ದೇವರ ಪೋಥಿ ಓದಾವರು ನೀವು, ಕಾಗದ ಬಂದ್ರ ಓದದ ಇಡೂದಿಲ್ಲ ಅನ್ನೂ ಧೈರ್ಯದ ಮ್ಯಾಲ ಬರಿಯಾಕತ್ತೀನಿ.

ಇಲ್ಲೆ ಇವರು ದ್ರಾಕ್ಷಿ ತ್ವಾಟದಾಗ ಔಷಧ ಹೊಡಿಯೂ ಗದ್ದಲದಾಗ ಅದಾರ. ಮೋಡ ಮುಚಗೊಂಡ ಕುಂತೈತಿ, ಎಲಿಗೆ ರೋಗ ಬೀಳೂ ಹೊತ್ತು. ಅತ್ತಿ ಸಾವಿತ್ರೆವ್ವಾರಿಗೆ ಕೆಮ್ಮು ಕಡಿಮಿ ಆಗೇತಿ. ಸಣ್ಣ ಕೂಸು ಬೋರಲ ಬೀಳಾಕತ್ತೈತಿ. ನೀವು ಕೈಲೆ ಹೊಲ್ದ ತಂದ ಕೌದಿ ಬಿಟ್ಟು ಬ್ಯಾರೆ ಎದರ ಮ್ಯಾಗ ಹಾಕಿದ್ರೂ ಮಲಗೂದಿಲ್ಲ. ಅದನ್ನ ನೋಡಿದಾಗೆಲ್ಲಾ ನನ್ನ ಮಾರಿ ನನಗ ತೋರಸಾಕ ಆಗವಲ್ದು.

ಶೇವಂತಾ ಅಕ್ಕ ಜ್ವರದಾಗ ತೀರಿಕೊಂಡು, ಇವರು ಎರಡನೇ ಸಂಬಂಧ ಅಂತ ನನ್ನ ಮಾಡ್ಕೊಂಡಾಗ, ಆ ಲಗ್ನಕ್ಕ ನೀವು ಬರೂದಿಲ್ಲ ಅಂತ ಎಲ್ಲಾರೂ ಅಂದಿದ್ರು. ಮಗಳ ಜಾಗಾದಾಗ ಮತ್ತೊಬ್ಬಾಕಿ ಕುಂದ್ರೂದನ್ನ ಯಾವ ತಾಯಿ ನೋಡ್ಯಾಳು? ನೀವು ಬಂದ್ರಿ. ಹಸರ ಸೀರಿ ತಂದು ನನ್ನ ಉಡಿ ತುಂಬಿದ್ರಿ. "ಇನ್ನ ನನಗ ನೀನಽ ಮಗಳು. ತಾಯಿಲ್ಲದ ನನ್ನ ಮಾಳಸಾನ ಹೊಟ್ಟಿ ಅಷ್ಟ ನೋಡ, ಮತ್ತೇನೂ ಕೇಳಂಗಿಲ್ಲ ನಾ" ಅಂದ್ರಿ. ಅಕ್ಕ ಎಷ್ಟೋ ವರ್ಷ ಮಕ್ಕಳಿಲ್ಲದ ಕೊರಗಿ, ಮಲ್ಲಯ್ಯಗ ಹರಕಿ ಹೊತ್ತು, ಹೆಣ್ಣ ಹುಟ್ಟಿದ್ರ ದೇವರ ಹೆಂಡತಿ ಮಾಳಸಾನ ಹೆಸರಽ ಇಡ್ತೀನಿ ಅಂತ ಬೇಡ್ಕೊಂಡಿದ್ದು ನೀವಽ ನನಗ ಹೇಳಿದ್ರಿ. ಅಷ್ಟೆಲ್ಲಾ ಗೊತ್ತಿದ್ದೂ ನಾ ಹಿಂಗ ಮಾಡಿದೆ.

ಅದು ಹ್ಯಾಂಗ ಸುರು ಆತು ಅನ್ನೂದು ನಿಮಗ ಯಾರೂ ಹೇಳಿರಲಿಕ್ಕಿಲ್ಲ. ಕೂಸು ಹುಟ್ಟಿದ ಮ್ಯಾಲ ಇಲ್ಲೆ ಹಂತ್ಯಾಕಿನ ಅನಂತಪುರದ ನನ್ನ ತವರ ಮನ್ಯಾಗ ಬಾಣಂತನ ಮಾಡ್ಸಕೋತ ಮಲಗಿದ್ದೆ. ಬಂದಬಂದಾವರದೆಲ್ಲಾ ಒಂದಽ ಮಾತು, ಅಕ್ಕಗ ಜೋಡಿ ಆಗೂ ಹೆಸರ ಇಡ್ರಿ ಅಂತ. ಬಾಜೂ ಮನಿ ಮುದುಕಿ, "ಅದರಾಗ ವಿಚಾರ ಮಾಡೂದೇನೈತಿ? ಮಾಳಸಾಗ ಜೋಡಿ ಬಾನಾಯಿ. ಮಲ್ಲಯ್ಯಗ ಇಬ್ಬರು ಹೆಂಡರಲ್ಲೇನ?" ಅಂದ್ಳು. ಕೂಸಿನ್ನ ನೋಡಾಕ ಬಂದಿದ್ದ ಅತ್ತಿ ಎದಿ ಬಡ್ಕೊಂಡು, "ಒಡಹುಟ್ಟಿದ ಹುಡುಗ್ಯಾರಿಗೆ ಸವತ್ಯಾರ ಹೆಸರ ಇಡ್ತಾರೇನ ಬೇ!" ಅಂದ್ರು. ಎಲ್ಲಾರೂ ನಕ್ಕರು, ನಾನೂ ನಕ್ಕೆ. ಆಮ್ಯಾಲ ಆ ಸವತಿ ಅನ್ನೂ ಮಾತು ಎದ್ಯಾಗ ಮುಳ್ಳ ಮುರದಂಗ ಕುಂತ ಬಿಡ್ತು.

ನನ್ನ ತಂಗಿ ಸೀಮಾ ಫೋನಿನ್ಯಾಗ ದಿನಾ ಹೊಸಾ ಹೊಸಾ ಹೆಸರ ಹುಡುಕಿ ಓದಿ ತೋರಸ್ತಿದ್ಳು. ಯಾವುದೂ ಮಾಳಸಾ ಅನ್ನೂದರ ಜೋಡಿ ಕೂಡವಲ್ದು. ಬ್ಯಾಸರ ಬಂದು, "ಅಕ್ಕಾ, ಸಣ್ಣಾಕಿದು ಹೊಂದವಲ್ದಂದ್ರ ದೊಡ್ಡಾಕಿದಽ ಬದಲಿ ಮಾಡಿ ಬಿಡು" ಅಂತ ಚೇಷ್ಟಿ ಮಾಡಿದ್ಳು. ಆಕಿ ನಕ್ಕ ಎದ್ದ ಹೋದ್ಳು. ನಾ ಅದನ್ನಽ ಹಿಡಕೊಂಡ ಕುಂತೆ. ಸಣ್ಣಾಕಿ ತನ್ವಿ, ದೊಡ್ಡಾಕಿ ಮಾನ್ವಿ. ಮೊದಲಿನ ಅಕ್ಷರ ಅಂತೂ ಅದಽ ಉಳೀತಲ್ಲಾ ಅಂತ ನನಗ ನಾನಽ ಸಮಾಧಾನಾ ಹೇಳ್ಕೊಂಡೆ. ಊರಿಗೆ ತಿರುಗಿ ಬಂದು ಇವರಿಗೆ, "ಸಾಲ್ಯಾಗ ಹುಡುಗೂರು ಮಾಳಿ ಮಾಳಿ ಅಂತ ಕಾಡಸ್ತಾರ, ಕೂಸು ಅಳಕೋತ ಬರ್ತೈತಿ" ಅಂದೆ. ಅದು ಸುಳ್ಳ ಇತ್ರಿ ಅವ್ವಾ. ಯಾರೂ ಕಾಡಸ್ತಿದ್ದಿಲ್ಲ. ಆಕಿ ಟೀಚರ್ ಅಂತೂ, ಇಂಥಾ ಹೆಸರ ಈಗ ಕೇಳಾಕ ಸಿಗೂದಿಲ್ಲ ಅಂತ ಹೊಗಳಿದ್ರು. ಇವರು, "ನಿನಗ ತಿಳದಂಗ ಮಾಡ" ಅಂದ್ರು. ಅಕ್ಕ ಹೋದಾಗಿಂದ ಇವರ ಬಾಯಾಗ ಆ ಹೆಸರ ಬರೂದಿಲ್ಲ, ಸಣ್ಣ ಕೂಸಿಗೆ ಕರದಂಗ ಬರೇ ಬಾಳಾ ಅಂತ ಕರೀತಾರ. ಆ ಹೆಸರ ಇವರ ಮನಸ್ಸಿಗೆ ಬಂದಿಲ್ಲ ಅಂತ ನಾ ತಿಳದಿದ್ದೆ. ನೋವಿಗೆ ಕರಿಯೂದಿಲ್ಲ ಅಂತ ತಿಳೀಲಿಲ್ಲ.

ಆಮ್ಯಾಲ ದೊಡ್ಡಾಕಿಗೆ ರೂಢಿ ಮಾಡಿಸಿದೆ. ಮಾನ್ವಿ ಅಂದಾಗ ಓ ಅಂದ್ರ ಕೈಯಾಗ ಒಣದ್ರಾಕ್ಷಿ ಇಡ್ತಿದ್ದೆ. ಮಾಳಸಾ ಅಂತ ಯಾರರ ಕರದಾಗ ತಿರುಗಿ ನೋಡಿದ್ರ ಮಾರಿ ಗಂಟ ಹಾಕ್ಕೊಂಡು ಕುಂದ್ರತಿದ್ದೆ. ಹೊಡದಿಲ್ಲ, ಬೈದಿಲ್ಲ. ಆದ್ರ ತಾಯಿಲ್ಲದ ಕೂಸಿಗೆ ಒಬ್ಬಾಕಿ ಮಾರಿ ತಿರುವಿದ್ರ ಅದು ಹೊಡತಕ್ಕಿಂತ ಹೆಚ್ಚ ಅನ್ನೂದು ನನಗ ಗೊತ್ತಿತ್ತು. ಆಕಿ ಜಲ್ದಿ ಕಲತ್ಳು.

ಹೆಸರ ಇಡೂ ದಿನದ್ದು ನಿಮಗ ನಾ ಹೇಳಬೇಕಾಗಿಲ್ಲ. ಮಾಂಡವದ ಬಾಗಲದಾಗ ಸೀಮಾ ಫ್ಲೆಕ್ಸ್ ಕಟ್ಟಿಸಿದ್ಳು, ಮಾನ್ವಿಯ ಮುದ್ದಿನ ತಂಗಿ ತನ್ವಿ ಅಂತ. ನೀವು ಗಂಟ ಹೊತ್ಕೊಂಡು ಬಂದಾವರು ಅದನ್ನ ಓದಿ, "ಮಾನ್ವಿ ಅಂದ್ರ ರಾಯಚೂರ ಕಡೆ ಒಂದ ಊರಲ್ಲಾ? ಇಲ್ಲಿ ಯಾರ ಬೇ ಮಾನ್ವಿ?" ಅಂತ ನಗಕೋತ ಕೇಳಿದ್ರಿ. ಮಾಳಸಾನಽ ಓಡಿ ಬಂದು ನಿಮ್ಮ ಸೆರಗ ಹಿಡದು, "ಆಯೀ, ನಾನಽ ಮಾನ್ವಿ. ನೀ ಮಾಳಸಾ ಅನಬ್ಯಾಡ, ಮಮ್ಮಿ ಸಿಟ್ಟಾಗ್ತಾಳ" ಅಂದ್ಳು. ನೀವು ನನ್ನ ಕಡೆ ನೋಡಿದ್ರಿ. ಬೈದಿದ್ರ ಛಲೋ ಇತ್ತು. ಕೌದಿ ತೊಟ್ಟಲದಾಗ ಹಾಸಿ, ನನ್ನ ಹಣಿಗೆ ಕುಂಕುಮ ಹಚ್ಚಿ, ಒಂದ ತುತ್ತೂ ಬಾಯಾಗ ಹಾಕದ, ಉಗಾರದ ಬಸ್ಸಿಗೆ ಹೋಗ್ತೀನಿ ಅಂತ ಎದ್ರಿ. ಮಾಂಡವದಾಗ ಮಂದಿ ಹೋಳಗಿ ಉಣ್ಣಾಕತ್ತಿದ್ರು. ನಿಮ್ಮ ಹಿಂದ ಓಡಿ ಬರಬೇಕು ಅನಸ್ತು. ಬರಲಿಲ್ಲ.

ಸಾಲಿ ಸುರು ಆದ ಮ್ಯಾಲ ಒಂದ ದಿನ ಕಪಾಟಿನ್ಯಾಗಿನ ಚಾದ ಕಪ್ಪು ಬಿದ್ದು ಒಡೀತು. ಯಾರ ಒಡದದ್ದು ಅಂತ ದೊಡ್ಡಾಕಿನ್ನ ಕೇಳಿದ್ರ, "ನಾ ಅಲ್ಲ, ಮಾಳಸಾ ಒಡದಾಳ" ಅಂದ್ಳು. ನನಗ ನಗಿ ಬಂತು. ಚೇಷ್ಟಿ ಅಂತ ತಿಳದು, "ಹಂಗಾರ ಎಲ್ಲಿ ಅದಾಳ ಆ ಮಾಳಸಾ? ಕರಿ, ಕಿಂವಿ ಹಿಂಡ್ತೀನಿ" ಅಂದೆ. ಕೂಸು ಗೋಡಿ ಮ್ಯಾಗಿನ ಅಕ್ಕನ ಫೋಟೋ ತೋರಿಸಿ, "ಆಕಿ ಸತ್ತಾಳ. ಆ ಅವ್ವನ ಕಡೆ ಹೋದ್ಳು. ಮಾಳಸಾ ಶ್ಯಾಣ್ಯಾ ಇರಲಿಲ್ಲ, ಅದಕ್ಕ ಯಾರಿಗೂ ಬ್ಯಾಡಾಗಿದ್ಳು" ಅಂತ ಹೇಳಿ, ತಾನಽ ಬಗ್ಗಿ ಒಡದ ಚೂರ ಆರಸಾಕ ಕುಂತ್ಳು. ಆಕಿ ಕೈ ಹಿಡದು ಎಬ್ಬಿಸಿದೆ.

ತ್ವಾಟಕ್ಕ ಹೋಗಿ ಇವರಿಗೆ ಎಲ್ಲಾ ಹೇಳಿದೆ, ಸಾಲಿದು ಸುಳ್ಳ ಹೇಳಿದ್ದೂ ಬಿಡಲಿಲ್ಲ. ಔಷಧದ ಪಂಪ ಇಳಿಸಿ ಬದುವಿನ ಮ್ಯಾಲ ಕುಂತು ಅತ್ರು. "ಶೇವಂತಾ ಕಡೀಕ ಕರದದ್ದು ಆ ಹೆಸರಽ. ನನ್ನ ಬಾಯಿಂದ ಬರಲಿಲ್ಲ ಅಂತ ನೀ ಅಳಿಸಿ ಹಾಕಿದಿ. ನಂದೂ ತಪ್ಪೈತಿ" ಅಂದ್ರು. ಸಂಜಿಕ ಮನಿಗೆ ಬಂದು, ಹೊಸ್ತಿಲದಾಗ ನಿಂತು, ಇಷ್ಟ ವರ್ಷದಾಗ ಮೊದಲನೇ ಸಲ, "ಮಾಳಸಾ" ಅಂತ ಕರದ್ರು. ಆಕಿ ಅಪ್ಪನ ಕಡೆ ನೋಡಲಿಲ್ಲ. ನನ್ನ ಮಾರಿ ನೋಡಿದ್ಳು. ನಾ, "ಓ ಅನ್ನ ನನ್ನವ್ವಾ" ಅಂದೆ. ಬಾಗಲ ಹಿಂದ ಅಡಗಿ ನಿಂತು, "ಮಾನ್ವಿ ಅನ್ರಿ ಪಪ್ಪಾ, ಇಲ್ಲಂದ್ರ ಮಮ್ಮಿ ಮಾತಾಡ್ಸೂದಿಲ್ಲ" ಅಂದ್ಳು.

ಆವತ್ತಿಂದ ನಾವು ಎಲ್ಲಾರೂ ಮೊದಲಿನಂಗಽ ಕರಿಯಾಕತ್ತೀವಿ, ಆಕಿ ಓ ಅನ್ನವಲ್ಲಳು. ನಾ ಪರೀಕ್ಷಾ ಮಾಡಾಕತ್ತೀನಿ ಅಂತ ತಿಳದಾಳ. ಒಣದ್ರಾಕ್ಷಿ ಕೊಟ್ರ ಹಿಂದಕ್ಕ ಸರಸ್ತಾಳ. ಇರಲಿ ಬಿಡು, ಸಣ್ಣ ಹುಡುಗ್ಯಾರು ಮರೀತಾರ ಅಂತ ಅತ್ತಿ ಅಂತಾರ. ಆಕಿ ಆ ಹೆಸರಽ ಮರತ ಬಿಟ್ರ ಹ್ಯಾಂಗ ಅಂತಽ ನನಗ ಅಂಜಿಕಿ.

ಸಣ್ಣಾಕಿನ್ನ ತನ್ವಿ ಅಂತ ಕರಿಯೂದನ್ನ ಬಿಟ್ಟೀನಿ. ಸರಕಾರಿ ದಾಖಲ್ಯಾಗ ಆಕಿ ಹೆಸರ ಇನ್ನೂ ಹಾಕ್ಸಿಲ್ಲ. ಮಾಳಸಾನ ತಂಗಿಗೆ ಏನ ಒಪ್ಪತೈತಿ ಅನ್ನೂದು ನೀವಽ ಹೇಳ್ರಿ. ಆಕಿನೂ ನಿಮ್ಮ ಮೊಮ್ಮಗಳು ಅಂತ ನಿಮ್ಮ ಮನಸ್ಸಿಗೆ ಬಂದ್ರ ಅಷ್ಟ.

ತಬ್ಬೇತ ಸಂಬಾಳಿಸ್ಕೊಳ್ರಿ. ಅತ್ತಿ ನಿಮಗ ಶರಣ ಹೇಳ್ಯಾರ. ಇವರು ಏನ ಹೇಳಬೇಕೋ ತಿಳೀದ, ಬರಿ ನೀನಽ ಅಂತ ಅಂದ ಹೋಗ್ಯಾರ. ಸಣ್ಣ ಕೂಸಿನ ತಲಿ ಮ್ಯಾಗ ನಿಮ್ಮ ಆಶೀರ್ವಾದ ಇರಲಿ.

ಮಗಳು ಅಂತ ಬರಿಯಾಕ ನಾಚಿಕಿ ಪಡೂ
ಕೋಮಲ

ತಾ.ಕ.: ನಮ್ಮ ಓಣಿ ತವನಪ್ಪ ಕುಡಚಿಗೆ ಹೊಂಟಾನ, ಬಾಗಲದಾಗ ಗಾಡಿ ಚಾಲೂ ಮಾಡಿ ನಿಂತಾನ, ಅವನ ಕೈಯಾಗಽ ಈ ಕಾಗದ ಕೊಡ್ತೀನಿ. ಮ್ಯಾಲೆ ಬರದದ್ದರಾಗ ಒಂದ ಮಾತ ಮುಚ್ಚಿಟ್ಟೀನಿ. ಜೋಡಿ ಹೆಸರು ಅನ್ನೂದು ಬರೇ ನೆವ ಇತ್ರಿ. ಓಣ್ಯಾಗ ಯಾರರ ಮಾಳಸಾ ಅಂದ್ರ ಬೆನ್ನಿಗೆ ಶೇವಂತಾನ ಮಗಳು ಅಂತಿದ್ರು. ಅದು ನನಗ ತಡ್ಕೊಳ್ಳಾಕ ಆಗಲಿಲ್ಲ. ಆಕಿ ನನ್ನ ಹೊಟ್ಟ್ಯಾಗಽ ಹುಟ್ಯಾಳ ಅನಸಬೇಕಿತ್ತು, ಎಲ್ಲಾರಿಗೂ, ಆಕಿಗೂ. ಬುಧವಾರ ಏಕಾದಶಿ, ಸಾಲಿ ಸೂಟಿ ಐತಿ, ಇಬ್ಬರನ್ನೂ ಕರ್ಕೊಂಡ ಬರ್ತೀನಿ. ನನ್ನ ಜೋಡಿ ಮಾತಾಡಬ್ಯಾಡ್ರಿ, ನಾ ಹೊರಗ ಕಟ್ಟಿ ಮ್ಯಾಗ ಕುಂದರ್ತೀನಿ. ದೊಡ್ಡಾಕಿನ್ನ ಅಷ್ಟ ಒಳಗ ಕರ್ಕೊಂಡು, ಆ ಹೆಸರಲೆ ಒಮ್ಮಿ ಕರೀರಿ ಅವ್ವಾ. ನಾ ಕರದ್ರ ಆಕಿ ನಂಬಂಗಿಲ್ಲ.